ಬೆಟ್ಟ ಹತ್ತುವವರ ಜೋಳಿಗೆ

ಆಷಾಢದ ಚತುರ್ದಶಿ ಸಂಜೆ ದುವ್ವಾಡದಿಂದ ವಿಶಾಖಪಟ್ಟಣದ ಕಡೆ ಬಸ್ಸು ಹತ್ತಿದರೆ ಊರು ಸೇರುವುದೇ ದೊಡ್ಡ ಕೆಲಸ. ಸಿಂಹಾಚಲದ ಗಿರಿ ಪ್ರದಕ್ಷಿಣೆಗೆ ಬಂದ ಲಕ್ಷಾಂತರ ಜನ ರಸ್ತೆಯ ಮೇಲೆಯೇ ಇರುತ್ತಾರೆ. ಬೆಟ್ಟದ ಬುಡದ ಮೊದಲ ಮೆಟ್ಟಿಲು ತೊಲಿ ಪಾವಂಚಾದಲ್ಲಿ ತೆಂಗಿನಕಾಯಿ ಒಡೆದು ಹೊರಟವರು ಅಡವಿವರಂ, ಹನುಮಂತವಾಕ ದಾಟಿ, ಅಪ್ಪುಘರ್ ಹತ್ತಿರ ಕಡಲು ಕಂಡು, ಮಾಧವಧಾರದ ಮೇಲೆ ಹಾಯ್ದು ಮತ್ತೆ ಅಲ್ಲಿಗೇ ಬರುವಷ್ಟರಲ್ಲಿ 32 ಕಿಲೋಮೀಟರ್. ಹೆಚ್ಚಿನವರದು ಬರಿಗಾಲು. ಮೇಲೆ ಮಳೆಯ ಭಯ ಬೇರೆ.

ನಡೆಯುವವರಿಗಿಂತ ನನಗೆ ರಸ್ತೆ ಬದಿ ನಿಂತವರನ್ನು ನೋಡುವುದರಲ್ಲಿ ಆಸಕ್ತಿ. ಹೆಜ್ಜೆಗೊಂದು ಶಾಮಿಯಾನ, ನೀರು, ಮಜ್ಜಿಗೆ, ಪುಳಿಹೋರ, ಬಾಳೆಹಣ್ಣು, ಕಾಲಿಗೆ ನೋವಿನ ಸ್ಪ್ರೇ. ಒಮ್ಮೆ ಒಬ್ಬ ಆಟೋದವನನ್ನು ನೋಡಿದೆ. ಖಾಕಿ ಅಂಗಿಯ ತೋಳು ಮಡಚಿ, ನೀಲಿ ಡ್ರಮ್ಮಿನಿಂದ ಮಜ್ಜಿಗೆ ಮೊಗೆದು, ಲೋಟ ಹಿಡಿದುಕೊಂಡು ಜನರ ಹಿಂದೆ ನಾಲ್ಕು ಹೆಜ್ಜೆ ಓಡುತ್ತಿದ್ದ. "ತೀಸ್ಕೋಂಡಿ ಅಮ್ಮಾ, ಒಕ್ಕ ಗ್ಲಾಸು." ತಗೊಳ್ಳಿ ಅಮ್ಮಾ, ಒಂದು ಗ್ಲಾಸು ಎಂದು ಕೊಡುವವನೇ ಬೇಡುತ್ತಿದ್ದ! ಬೇಡ ಎಂದವರ ಮೇಲೆ ಅವನಿಗೆ ಸಣ್ಣ ಮುನಿಸೂ ಬರುತ್ತಿತ್ತು.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದು ಹೊಸತಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವವರು ರಾಯಚೂರು, ಕರ್ನೂಲು ದಾಟಿ, ಆತ್ಮಕೂರಿನಿಂದಾಚೆ ನಲ್ಲಮಲದ ಕಾಡು ಹೊಕ್ಕು, ಭೀಮುನಿ ಕೊಲನಿನಿಂದ ಕೈಲಾಸ ದ್ವಾರಕ್ಕೆ ಏರುತ್ತಾರೆ. ಕೆಲವರಂತೂ ಮರಗಾಲು ಕಟ್ಟಿಕೊಂಡು. ಊರೂರಲ್ಲಿ ಅವರಿಗೆ ರೊಟ್ಟಿ, ಅಂಬಲಿ. ಬೊಬ್ಬೆ ಎದ್ದ ಪಾದಕ್ಕೆ ಎಣ್ಣೆ ತಿಕ್ಕುವವರೂ ಇದ್ದಾರೆ. ಅಲ್ಲಿ ನಡೆಯುವವನು ಪಡೆಯುತ್ತಾನೆ, ನಿಂತವನು ಕೊಡುತ್ತಾನೆ. ನಡಿಗೆಯ ಪುಣ್ಯದಲ್ಲಿ ತನಗೂ ಒಂದು ಪಾಲು ಸಿಕ್ಕಿತೆಂದು ನಿಂತವನ ಲೆಕ್ಕ.

ಈಗ ಬಂದಿರುವ ಚಾರಿಟಿ ಟ್ರೆಕ್ಕಿನಲ್ಲಿ ಲೆಕ್ಕಕ್ಕೆ ಮೂರನೆಯವರು ಸೇರಿದ್ದಾರೆ. ನಾನು ಬೆಟ್ಟ ಹತ್ತುತ್ತೇನೆ, ನೀನು ದುಡ್ಡು ಕೊಡು, ಅದು ಇನ್ಯಾರೋ ಮಗುವಿನ ಶಾಲೆಗೆ ಹೋಗಲಿ. 1981ರಲ್ಲಿ ಹಾಂಗ್‌ಕಾಂಗಿನ ಗೂರ್ಖಾ ಸೈನಿಕರು ಕವಾಯತಿಗೆಂದು ನಡೆದ 100 ಕಿಲೋಮೀಟರಿನ ಬೆಟ್ಟದ ಹಾದಿ 1986ರಲ್ಲಿ ಸಾರ್ವಜನಿಕರಿಗೂ ತೆರೆದು 'ಟ್ರೇಲ್‌ವಾಕರ್' ಆಯಿತು. ನಾಲ್ವರ ತಂಡ ಕಟ್ಟಿ ದೇಣಿಗೆ ಎತ್ತುವ ಆ ನಡಿಗೆ 2012ರಲ್ಲಿ ಬೆಂಗಳೂರಿಗೂ ಬಂತು.

ನಮ್ಮ ಪಕ್ಕದ ಮನೆಯ ಹುಡುಗ, ಇಲ್ಲೇ ದುವ್ವಾಡದ ಎಸ್‌ಇಜೆಡ್‌ನಲ್ಲಿ ಕೆಲಸದಲ್ಲಿರುವವನು, ಕಿಲಿಮಂಜಾರೊ ಹತ್ತುತ್ತೇನೆ ಎಂದು ದೇಣಿಗೆ ಕೇಳಲು ಬಂದ. 5,895 ಮೀಟರ್, ಬಾಯಿಪಾಠ ಒಪ್ಪಿಸಿದ. ಬಂದ ಹಣ ಬಡ ಮಕ್ಕಳ ಓದಿಗೆ.

"ಅಲ್ಲಪ್ಪಾ, ನೀನು ಆಫ್ರಿಕಾದ ಬೆಟ್ಟ ಹತ್ತಿದರೆ ಇಲ್ಲಿನ ಮಗು ಹೇಗೆ ಓದುತ್ತೆ?" ಅಂದೆ.

"ಸುಮ್ನೆ ಕೇಳಿದ್ರೆ ನೀವು ಕೊಡ್ತಿದ್ರಾ ಅಂಕಲ್?"

ಬಾಯಿ ಮುಚ್ಚಿಕೊಂಡೆ. ನಿಜವಾಗಿಯೂ ಕೊಡುತ್ತಿರಲಿಲ್ಲ. ಬೇಡುವುದು ನಮ್ಮಲ್ಲಿ ಎಂದೂ ಸಲೀಸಾದ ಕೆಲಸವಾಗಿರಲಿಲ್ಲ. ಅದಕ್ಕೊಂದು ಅರ್ಹತೆ ಬೇಕಿತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳ ದಾಸೋಹಕ್ಕೆ ಧಾನ್ಯ ಬೇಡಿದಾಗ ಜನ ಚೀಲ ಬಿಚ್ಚಿದ್ದು ಅವರು ತಮಗಾಗಿ ಏನನ್ನೂ ಇಟ್ಟುಕೊಳ್ಳದವರು ಎಂಬ ನಂಬಿಕೆಯಿಂದ. ಸಂಬಳದ ಹುಡುಗನಿಗೆ ಕಾವಿ ಎಲ್ಲಿಂದ ಬರಬೇಕು? ಮೈ ದಣಿಸಿಕೊಂಡು ಆ ಅರ್ಹತೆ ಗಳಿಸುತ್ತೇನೆ ಎನ್ನುತ್ತಾನೆ. ನನಗೇನೋ ಇದು ನ್ಯಾಯವಾಗಿಯೇ ಕಾಣುತ್ತದೆ. ಬೇಡುವ ನಾಚಿಕೆ ಕಳೆಯಲು ಒಬ್ಬ ಮನುಷ್ಯನಿಗೆ ಒಂದು ಬೆಟ್ಟವೇ ಬೇಕಾದರೆ, ಹತ್ತಲಿ ಬಿಡಿ.

ಆದರೆ ಜೋಳಿಗೆಯ ತಳ ನೋಡಬೇಕು. ಇಂಥ ಎಷ್ಟೋ ಯಾತ್ರೆಗಳಲ್ಲಿ ಎತ್ತಿದ ದುಡ್ಡಿನಿಂದಲೇ ಯಾತ್ರೆಯ ಖರ್ಚೂ ನಡೆಯುತ್ತದೆ: ವಿಮಾನ, ಪರವಾನಗಿ, ಗೈಡು, ಡೇರೆ. ಆಗ ನಾನು ಕೊಟ್ಟದ್ದು ಮಗುವಿನ ಪುಸ್ತಕಕ್ಕೋ ಹುಡುಗನ ಪ್ರವಾಸಕ್ಕೋ? ಸ್ವಾಮೀಜಿ ಬೇಡಿದ ರಾಗಿಯಲ್ಲಿ ಮೊದಲು ತಮ್ಮ ಮುದ್ದೆ ತೆಗೆದಿಟ್ಟಿದ್ದರೆ ಮಠದಲ್ಲಿ ಮಕ್ಕಳು ಓದುತ್ತಿದ್ದರೇ?

ಇನ್ನೊಂದು ಮಾತು ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಇದೇ ವಿಶಾಖಪಟ್ಟಣದ ಬೆನ್ನಿಗೆ ಪೂರ್ವಘಟ್ಟ. ಹಿಂದೆ ಇದೇ ಜಿಲ್ಲೆಯಲ್ಲಿದ್ದ ಪಾಡೇರು, ಅರಕು 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿವೆ. ರಸ್ತೆ ಮುಟ್ಟದ ಅಲ್ಲಿನ ಎಷ್ಟೋ ಹಾಡಿಗಳಿಂದ ಬಸುರಿಯರನ್ನೂ ಕಾಯಿಲೆಯವರನ್ನೂ ಕೆಳಗಿಳಿಸುವುದು ಡೋಲಿಯಲ್ಲಿ. ಒಂದು ಗಟ್ಟಿ ಗಳು, ಅದಕ್ಕೆ ಜೋಲಿಯಂತೆ ಕಟ್ಟಿದ ಸೀರೆ ಅಥವಾ ಕಂಬಳಿ, ಹಿಂದೊಬ್ಬ ಮುಂದೊಬ್ಬ. ಹಳ್ಳ ಬಂದರೆ ಗಳು ಹೆಗಲಿನಿಂದ ಮೇಲೆತ್ತಬೇಕು. ಆಂಬುಲೆನ್ಸು ಬಂದು ನಿಲ್ಲುವ ಡಾಂಬರಿನವರೆಗೂ ಇಳಿಜಾರು, ಜಾರು ಕಲ್ಲು. ಪತ್ರಿಕೆಯವರು ಚಿತ್ರ ಹಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಅಂಥದ್ದೇ ಇನ್ನೊಂದು ಚಿತ್ರ. ಗಳು ಹೊತ್ತವರು ನಡೆದ ಬೆಟ್ಟಕ್ಕೆ ಕಿಲೋಮೀಟರಿಗೆ ಇಷ್ಟು ಎಂದು ಯಾರೂ ದೇಣಿಗೆ ಬರೆದಿಲ್ಲ. ಖುಷಿಯಿಂದ ಏರುವವನ ದಣಿವಿಗೆ ಬೆಲೆ ಇದೆ. ಬೇರೆ ದಾರಿಯಿಲ್ಲದೆ ಇಳಿಯುವವನ ದಣಿವಿಗೆ ಇಲ್ಲ.

ಎಡ್ಮಂಡ್ ಹಿಲರಿಗೆ ಈ ಲೆಕ್ಕ ತಿಳಿದಿತ್ತು ಎಂದು ನನ್ನ ಭಾವನೆ. 1953ರಲ್ಲಿ ಎವರೆಸ್ಟ್ ಏರಿದ ಹೆಸರನ್ನು ಆತ ಮುಂದೆ ದೇಣಿಗೆ ಎತ್ತಲು ಬಳಸಿಕೊಂಡ. 1961ರಲ್ಲಿ ಖುಮ್‌ಜುಂಗ್‌ನಲ್ಲಿ ಶಾಲೆ ಎದ್ದಿತು. ಆಮೇಲೆ ಆಸ್ಪತ್ರೆ, ಸೇತುವೆ. ಮುಖ್ಯವಾದ ಸಂಗತಿ, ಹಣ ಹೋದದ್ದು ಅದೇ ಬೆಟ್ಟದ ಶೆರ್ಪಾಗಳಿಗೆ, ಅದೂ ಅವರೇ ಬೇಕೆಂದು ಕೇಳಿದ್ದಕ್ಕೆ.

ಇದನ್ನೆಲ್ಲ ಅವರ ಮನೆಗೆ ಹೋಗಿ ಹುಡುಗನಿಗೆ ಹೇಳಿದೆ. ಖರ್ಚು ನಿನ್ನ ಜೇಬಿನದಾಗಲಿ, ಬೆಟ್ಟ ಪಾಡೇರಿನದಾಗಲಿ, ಅಲ್ಲೂ 1,600 ಮೀಟರಿಗೆ ಕಡಿಮೆಯಿಲ್ಲದ ಶಿಖರಗಳಿವೆ, ಬಂದ ಹಣ ಆ ಹಾಡಿಗಳಿಗೇ ಹೋಗಲಿ, ನೀನು ಕೇಳಿದ್ದರ ಎರಡರಷ್ಟು ಕೊಡುತ್ತೇನೆ ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ.

"ನೀವು ಕೊಡ್ತೀರಿ ಅಂಕಲ್. ಪಾಡೇರು ಅಂದ್ರೆ ಬೇರೆ ಯಾರು ಕೊಡ್ತಾರೆ? ವೀಕೆಂಡಿಗೆ ಕಾಫಿ ಕುಡಿಯೋಕೆ ಹೋಗೋ ಜಾಗ ಅಂತಾರೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ದೂರ ಹೆಚ್ಚಿದಷ್ಟೂ ಬೆಟ್ಟಕ್ಕೆ ಬೆಲೆ ಏರುತ್ತದೆ. ಕಿಲಿಮಂಜಾರೊಗೆ ಹಣ ಕೊಡುವವರ ಪಟ್ಟಿ ತೋರಿಸಿದ. ಅದರಲ್ಲಿ ನಮ್ಮ ಬೀದಿಯವರೇ ಹನ್ನೆರಡು ಜನ, ಆಷಾಢದಲ್ಲಿ ಮಜ್ಜಿಗೆ ಹಂಚುವವರೂ ಸೇರಿ. ಅವನು ಮೊದಲು ಕೇಳಿದ್ದರಲ್ಲಿ ಅರ್ಧ ಬರೆದುಕೊಟ್ಟೆ. ಉಳಿದರ್ಧಕ್ಕೆ ವಾಪಸು ಬಂದಮೇಲೆ ಖರ್ಚಿನ ಲೆಕ್ಕ ತೋರಿಸು ಅಂದೆ. ಅವನಮ್ಮ ಒಳಗಿನಿಂದ, "ಅಷ್ಟು ಅನುಮಾನ ಇದ್ದರೆ ಕೊಡಲೇಬೇಡಿ" ಅಂದರು.