ನೋಡುವವನ ಹಕ್ಕು

ಪ್ರವಾಸ ಮುಗಿಸಿ ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಏನೇನು ನೋಡಿದಿರಿ?" ಎಂಬುದು. ನೋಡುವುದರಿಂದ ಯಾರಿಗೂ ನಷ್ಟವಿಲ್ಲವೆಂಬ ನಂಬಿಕೆ ಈ ಪ್ರಶ್ನೆಯ ಹಿಂದೆ ಅಡಗಿದೆ. ಕಳೆದ ಡಿಸೆಂಬರಿನವರೆಗೆ ನಾನೂ ಹಾಗೆಯೇ ನಂಬಿದ್ದೆ.

ಆ ತಿಂಗಳ ರಜೆಯಲ್ಲಿ ಮಿತ್ರರೊಬ್ಬರ ಕಾರನ್ನು ಎರವಲು ಪಡೆದು, ಗುಡಾರ, ಸಣ್ಣ ಒಲೆ, ಅವಲಕ್ಕಿ, ಚಟ್ನಿಪುಡಿ ಸಮೇತ ನಾವು ನಾಲ್ವರು ಮುಂಬಯಿಯಿಂದ ಗುಜರಾತಿನ ಕರಾವಳಿಗೆ ಹೊರಟೆವು. ಮೊದಲು ಹೋದದ್ದು ಭಾವನಗರದ ಬಳಿಯ ವೇಳಾವದರ್‌ಗೆ. ಭಾವನಗರದ ಅರಸರು ಸಾಕಿದ ಚೀತಾಗಳನ್ನು ಬಿಟ್ಟು ಬೇಟೆಯಾಡುತ್ತಿದ್ದ ಈ ಹುಲ್ಲುಗಾವಲು 1976ರಲ್ಲಿ ಕೃಷ್ಣಮೃಗಗಳ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 34 ಚದರ ಕಿಲೋಮೀಟರ್. ಸಂಜೆಯಾಗುತ್ತಲೇ, ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬಂದ ಹ್ಯಾರಿಯರ್ ಗಿಡುಗಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗಲು ಒಂದೊಂದಾಗಿ ಇಳಿದವು. ನಾವು ವಾಹನದಲ್ಲಿ ಕುಳಿತೇ ನೋಡಿದೆವು. ಮೃಗಗಳು ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ಉದ್ಯಾನದ ಹೊರಗೆ, ರೈತರೊಬ್ಬರ ಅಪ್ಪಣೆ ಪಡೆದು, ಅವರ ಹೊಲದಂಚಿನಲ್ಲಿ ಗುಡಾರ ಹಾಕಿ ಆ ರಾತ್ರಿ ಮಲಗಿದೆವು.

ಅಲ್ಲಿಂದ ಜಾಮನಗರದ ಕಡೆ ನಡೆದೆವು. ಕಛ್ ಕೊಲ್ಲಿಯ ದಕ್ಷಿಣ ತೀರದ ಸಾಗರ ರಾಷ್ಟ್ರೀಯ ಉದ್ಯಾನ 1982ರಲ್ಲಿ ಸ್ಥಾಪಿತವಾದದ್ದು. ನಮ್ಮ ದೇಶದಲ್ಲಿ ಆ ಬಗೆಯದರಲ್ಲಿ ಮೊದಲನೆಯದು. ನರಾರಾ ಎಂಬಲ್ಲಿ ಇಳಿತದ ವೇಳೆಗೆ ಕಡಲು ಬಹುದೂರ ಹಿಂದೆ ಸರಿಯುತ್ತದೆ. ಹವಳದ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ನಕ್ಷತ್ರಮೀನು, ಆಕ್ಟೋಪಸ್ ಕಾಣಸಿಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆದೇ ಇವನ್ನು ನೋಡಬಹುದು.

ಅಂಥ ಒಂದು ಗುಂಡಿಯಲ್ಲಿ ಪಫರ್ ಮೀನು ಸಿಕ್ಕಿತು. ಹೆದರಿದಾಗ ಅದು ನೀರು ನುಂಗಿ ಚೆಂಡಿನಂತೆ ಉಬ್ಬುತ್ತದೆಂದು ಮಕ್ಕಳಿಗೆ ವಿವರಿಸಿದೆ. ಬಿ.ಎಸ್ಸಿ. ಓದಿದ ಜಂಬ ಬೇರೆ! ವಿವರಣೆ ಸಾಲದೆಂದು ಮೀನನ್ನು ಎತ್ತಿದೆ. ಅದು ಉಬ್ಬಿತು. ಚಿತ್ರ ಸರಿಯಾಗಿ ಬರಲಿಲ್ಲವೆಂದು ನೀರಿಗೆ ಬಿಟ್ಟು ಮತ್ತೊಮ್ಮೆ ಎತ್ತಿದೆ. ನೀರಿನ ಹೊರಗೆ ಅದು ನುಂಗುವುದು ಗಾಳಿಯನ್ನು; ಆ ಗಾಳಿ ಹೊರಬೀಳದಿದ್ದರೆ ಮೀನು ಮುಳುಗಲಾರದೆ ತೇಲಬೇಕಾಗುತ್ತದೆ. ಇದೂ ನನಗೆ ಗೊತ್ತಿತ್ತು. ಉದ್ಯಾನದಲ್ಲಿ ಪ್ರಾಣಿಗಳನ್ನು ಪೀಡಿಸುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವೆಂಬುದೂ ಗೊತ್ತಿತ್ತು.

ಚಿಕ್ಕ ಮಗಳು ಕೇಳಿದಳು: "ಅಪ್ಪಾ, ಹೆದರಿದರೆ ಉಬ್ಬುತ್ತೆ ಅಂತ ನೀವೇ ಹೇಳಿದ್ರಲ್ಲ. ಮತ್ತೆ ಯಾಕೆ ಹೆದರಿಸಿದ್ರಿ?"

ಆಗ ಉತ್ತರ ಹೊಳೆಯಲಿಲ್ಲ. ಗುಡಾರದಲ್ಲಿ ನಿದ್ದೆ ಬಾರದೆ ಮಲಗಿದ್ದಾಗ ಒಂದು ವಾದ ಹೂಡಿಕೊಂಡೆ. ಈ ತೀರದಲ್ಲೇ ತೈಲ ಸಂಸ್ಕರಣಾಗಾರಗಳಿವೆ, ಬಂದರುಗಳಿವೆ, ಉಪ್ಪಿನ ಆಗರಗಳಿವೆ. ಅವುಗಳ ಮುಂದೆ ನನ್ನ ಎರಡು ಕೈ ಯಾವ ಲೆಕ್ಕ? ಮೇಲಾಗಿ, ಕಂಡವರಿಗಲ್ಲವೆ ಮಮತೆ ಹುಟ್ಟುವುದು? ಯಾರೂ ನೋಡದ ಹವಳದ ಪರವಾಗಿ ನಾಳೆ ಮಾತಾಡುವವರು ಯಾರು?

ಎರಡನೆಯ ಮಾತು ನಿಜವೆಂದೇ ಇಂದಿಗೂ ತಿಳಿದಿದ್ದೇನೆ. ಆದರೆ ಅದು ನಾನು ಅಲ್ಲಿಗೆ ಹೋದದ್ದಕ್ಕೆ ಸಮರ್ಥನೆಯೇ ಹೊರತು, ಮೀನನ್ನು ಎತ್ತಿದ್ದಕ್ಕಲ್ಲ. ಮೊದಲನೆಯದಂತೂ ಕಚೇರಿಯಲ್ಲಿ ನಾವು ದಿನವೂ ಕೇಳುವ ಮಾತು: ದೊಡ್ಡವರು ತಿನ್ನುವಾಗ ಚಿಕ್ಕವನದೇನು ಮಹಾ! ದೊಡ್ಡ ತಪ್ಪಿನ ನೆರಳಿನಲ್ಲಿ ಚಿಕ್ಕ ತಪ್ಪು ಮಾಯವಾಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ.

ವೇಳಾವದರ್‌ನಲ್ಲಿ ನಾವು ನೋಡಿದೆವು. ನರಾರಾದಲ್ಲಿ ತೋರಿಸಿಕೊಳ್ಳುವಂತೆ ಒಂದು ಜೀವವನ್ನು ಬಲವಂತಪಡಿಸಿದೆವು. ವ್ಯತ್ಯಾಸ ಇಷ್ಟೆ, ಆದರೆ ನೀತಿಯೆಲ್ಲ ಅದರಲ್ಲೇ ಇದೆ. ಪರವೂರಿನಲ್ಲಿ ಬಾಳುವ ನಮಗೆ ಇದು ಅರ್ಥವಾಗದ್ದೇನಲ್ಲ. ನಮ್ಮನ್ನು ಕಂಡು "ನಿಮ್ಮ ಭಾಷೆಯಲ್ಲಿ ಏನಾದರೂ ಮಾತಾಡಿ ನೋಡೋಣ" ಎಂದು ನಗುವವರೂ ಉಂಟು, ನಮ್ಮ ಪಾಡಿಗೆ ನಮ್ಮನ್ನು ಬಿಟ್ಟು ನೆರೆಯವರಾಗಿ ಬಾಳುವವರೂ ಉಂಟು. ಯಾರ ಜತೆ ನಮಗೆ ಹಿತವೆಂದು ಹೇಳಬೇಕಾಗಿಲ್ಲ.

ಮಕ್ಕಳನ್ನು ಅಲ್ಲಿಗೆಲ್ಲ ಅವಶ್ಯ ಕರೆದುಕೊಂಡು ಹೋಗಿ. ಗುಂಡಿಯ ಪಕ್ಕದಲ್ಲಿ ಕೈಕಟ್ಟಿ ನಿಲ್ಲಿ. ಏನೂ ಕಾಣದಿದ್ದರೆ ಕಾಣಲಿಲ್ಲವೆಂದೇ ಬನ್ನಿ.

ಉಬ್ಬಿದ ಮೀನಿನ ಚಿತ್ರ ಎರಡನೆಯ ಸಲ ಬಹಳ ಚೆನ್ನಾಗಿ ಬಂದಿದೆ. ನೆಂಟರಿಗೆ ಪ್ರವಾಸದ ಚಿತ್ರಗಳನ್ನು ತೋರಿಸುವಾಗ ನಾನು ಅದನ್ನು ತೋರಿಸುವುದಿಲ್ಲ.