ಸುಮ್ಮನೆ ನಿಂತವಳು

"ನಾ ಸುಮ್ಮ ನಿಂತಿದ್ದೆ ರೀ ಟೀಚರ್," ಎಂದಳು ಹನ್ನೆರಡರ ಹುಡುಗಿ. ನಿಂತಿದ್ದು ಸಾಫ್ಟ್‌ಬಾಲ್ ಅಂಗಳದ ಎರಡನೇ ಬೇಸಿನ ಮುಂದೆ, ಓಡುವ ಹಾದಿಗೆ ಅಡ್ಡವಾಗಿ. ಚೆಂಡು ಇನ್ನೂ ಕೈಗೆ ಬಂದಿರಲಿಲ್ಲ. ಓಡಿ ಬಂದವಳು ಬಡಿದು ಬಿದ್ದಳು. ಮೊಣಕೈ ತರಚಿ, ರಕ್ತಕ್ಕೆ ಎರೆಮಣ್ಣು ಮೆತ್ತಿಕೊಂಡಿತ್ತು.

ಕಲಬುರಗಿಯ ಬ್ರಹ್ಮಪುರದ ಮನೆಗೆ ಬಂದ ಮೇಲೂ ಆ 'ಸುಮ್ಮ' ನನ್ನನ್ನು ಬಿಡಲಿಲ್ಲ. ಸುಮ್ಮನೆ ನಿಂತವರಿಗೂ ತಪ್ಪು ತಟ್ಟುತ್ತದೆಯೇ? ನಮ್ಮ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಬರುವಾಗ ಮುಂದೆ ನಿಂತವರನ್ನು ಯಾರೂ 'ನಿಮ್ಮ ಮನಸ್ಸಿನಲ್ಲಿ ಏನಿತ್ತು' ಎಂದು ಕೇಳುವುದಿಲ್ಲ. 'ಸರೀರಿ, ಸರೀರಿ' ಎನ್ನುತ್ತಾರೆ, ಅಷ್ಟೇ.

ಸಾಫ್ಟ್‌ಬಾಲ್ ನಿಯಮವೂ ಮನಸ್ಸನ್ನು ಕೇಳುವುದಿಲ್ಲ. ಚೆಂಡು ಕೈಯಲ್ಲಿಲ್ಲದೆ, ಬ್ಯಾಟಿನಿಂದ ಬಂದ ಚೆಂಡನ್ನು ಹಿಡಿಯುವ ಕೆಲಸದಲ್ಲೂ ಇಲ್ಲದೆ ಓಟಗಾರ್ತಿಗೆ ಅಡ್ಡಿಯಾದರೆ ಅದು ಅಬ್‌ಸ್ಟ್ರಕ್ಷನ್. ಮೈ ತಾಗಲೇಬೇಕೆಂದಿಲ್ಲ, ಅವಳ ಓಟ ತಡವರಿಸಿದರೂ ಸಾಕು. ಅಂಪೈರ್ ಎಡಗೈ ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚುತ್ತಾರೆ. ಆಟ ನಡೆದೇ ಇರುತ್ತದೆ. ಆಮೇಲೆ, ಅಡ್ಡಿ ಇರದಿದ್ದರೆ ಅವಳು ಯಾವ ಬೇಸ್ ಮುಟ್ಟುತ್ತಿದ್ದಳೋ ಅದನ್ನು ಕೊಡಿಸುತ್ತಾರೆ. ಆದರೆ ಬ್ಯಾಟಿನಿಂದ ಚಿಮ್ಮಿದ ಚೆಂಡಿನ ಮೇಲೆ ಕಣ್ಣಿಟ್ಟು ಹಿಡಿಯುವವಳು ಹೊರಟಳೆಂದರೆ ಓಡುವವಳೇ ಸರಿಯಬೇಕು, ಇಲ್ಲವಾದರೆ ಔಟ್. ಹಾದಿ ಆ ಗಳಿಗೆಗೆ ಯಾರಿಗೆ ಅಲ್ಲಿ ಕೆಲಸವಿದೆಯೋ ಅವರದು. ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಮನಸ್ಸಿನ ಎಚ್ಚರವನ್ನು ಕೇಳುವ ನಿಯಮವೂ ಒಂದುಂಟು. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಜೈನ ವಿದ್ವಾಂಸರು ಬಾಳಿದ ಊರು. ಅಲ್ಲಿಯ ನೇಮಿನಾಥ ಬಸದಿಗೆ ಹೋದಾಗಲೆಲ್ಲ ನನಗೆ ಈರ್ಯಾಸಮಿತಿ ಎಂಬ ನಡಿಗೆಯ ನಿಯಮ ನೆನಪಾಗುತ್ತದೆ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಹಾಗೆ ನಡೆದೂ ಇರುವೆ ಸತ್ತರೆ ಹಿಂಸೆಯ ದೋಷವಿಲ್ಲ. ನೋಡದೆ ನಡೆದರೆ ಒಂದೂ ಸಾಯದಿದ್ದರೂ ದೋಷವುಂಟು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಾಣುತ್ತದೆ, ಅಂದರೆ ಎಚ್ಚರ ತಪ್ಪುವುದರಲ್ಲಿ.

ಹಾಗೆ ನೋಡಿದರೆ ಆ ದಿನ ಅಡ್ಡಿ ಹುಡುಗಿಯದು, ಪ್ರಮಾದ ನನ್ನದು. ಹಿಡಿಯುವುದು, ಎಸೆಯುವುದು, ಬ್ಯಾಟ್ ಬೀಸುವುದು ಎಲ್ಲವನ್ನೂ ಕಲಿಸಿದ್ದೆ. ಎಲ್ಲಿ ನಿಲ್ಲಬೇಕೆಂದು ಕಲಿಸಿರಲಿಲ್ಲ. ಮೊದಲ ಬೇಸಿನಲ್ಲಿ ಡಿಕ್ಕಿ ತಪ್ಪಿಸಲೆಂದೇ ಜೋಡಿ ಬೇಸ್ ಬಂದಿದೆ, ಹಿಡಿಯುವವಳಿಗೆ ಬಿಳಿ ಭಾಗ, ಓಡುವವಳಿಗೆ ಕಿತ್ತಳೆ ಬಣ್ಣದ್ದು. ಉಳಿದ ಬೇಸುಗಳಲ್ಲಿ ಆ ಗೆರೆಯನ್ನು ಮಕ್ಕಳ ಮನಸ್ಸಿನಲ್ಲಿ ಎಳೆಯಬೇಕಾದವಳು ನಾನೇ. ತಪ್ಪು ಅವಳದಾದರೂ ಪಾಪ ಅವಳದಲ್ಲ ಎಂದು ಆ ಮಗುವಿಗೆ ಹೇಳಬೇಕಿತ್ತು.

ಮರುದಿನ ಚೆಂಡು ಹೊರಗೆ ತೆಗೆಯಲಿಲ್ಲ. ಬೇಸಿನಿಂದ ಬೇಸಿಗೆ 60 ಅಡಿ ಸುಣ್ಣದ ಗೆರೆ ಹಾಕಿಸಿದೆ. ಹುಡುಗಿಯ ಭುಜ ಹಿಡಿದು ಬೇಸಿನ ಬದಿಗೆ, ಎರಡೂ ಪಾದ ಗೆರೆಯಿಂದ ಆಚೆ ಬರುವ ಹಾಗೆ ನಿಲ್ಲಿಸಿದೆ. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದವಳು ಅತ್ತ ಕಡೆ ಓಡಲು ತಯಾರಾಗಿದ್ದಳು.

"ದಾರಿ ಅದ ಏನು?" ಎಂದು ಇವಳು ಕೂಗಿದಳು.

"ಅದ. ನೀ ಹಂಗೇ ನಿಂದ್ರು!"