ತೇಲುವ ನಗರದ ಜಮಾ-ಖರ್ಚು



ದೊಡ್ಡದನ್ನು ಕಂಡಾಗ ಮನುಷ್ಯ ಬೆರಗಾಗುವುದು ಸಹಜ. ಬೆರಗು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ: ಇದರ ಭಾರವನ್ನು ಹೊತ್ತವರು ಯಾರು? ಒಂದು ಹಡಗನ್ನು ನಿಮಿತ್ತವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

2024ರ ಜನವರಿಯಲ್ಲಿ ಅಮೆರಿಕದ ಮಯಾಮಿ ಬಂದರಿನಿಂದ ‘ಐಕಾನ್ ಆಫ್ ದ ಸೀಸ್’ ಎಂಬ ವಿಹಾರದ ಹಡಗು ಮೊದಲ ಯಾತ್ರೆ ಹೊರಟಿತು. ಅಲ್ಲಿಯವರೆಗೆ ಜಗತ್ತಿನಲ್ಲಿ ಅಷ್ಟು ದೊಡ್ಡ ಪ್ರಯಾಣಿಕರ ಹಡಗು ಇರಲಿಲ್ಲ. ಉದ್ದ ಸುಮಾರು 365 ಮೀಟರ್, ಅಂತಸ್ತು 20. ಒಟ್ಟು ಟನ್ನೇಜು 2,48,663. ಇಲ್ಲಿ ಟನ್ ಎಂದರೆ ನಮ್ಮ ಅಡತಿ ಅಂಗಡಿಯ ತೂಕವಲ್ಲ, ಹಡಗಿನ ಒಳಜಾಗದ ಅಳತೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಅಳತೆ 46,328. ಅಂದರೆ ಇದು ಅದರ ಐದು ಪಟ್ಟಿಗೂ ಹೆಚ್ಚು.

ಇದನ್ನು ಕಟ್ಟಿದ್ದು ಫಿನ್ಲೆಂಡ್ ದೇಶದ ತುರ್ಕು ಪಟ್ಟಣದ ಹಡಗುಕಟ್ಟೆಯಲ್ಲಿ. 2021ರ ಜೂನ್‌ನಲ್ಲಿ ಮೊದಲ ಉಕ್ಕಿನ ಹಾಳೆ ಕತ್ತರಿಸಿದರು. 2023ರ ನವೆಂಬರ್‌ನಲ್ಲಿ ಹಡಗನ್ನು ಕಂಪನಿಗೆ ಒಪ್ಪಿಸಿದರು. ಇಂಥ ಹಡಗನ್ನು ಮನೆಯಂತೆ ತಳದಿಂದ ಒಂದೊಂದೇ ಅಂತಸ್ತು ಏರಿಸುತ್ತ ಕಟ್ಟುವುದಿಲ್ಲ. ದೊಡ್ಡ ದೊಡ್ಡ ಭಾಗಗಳನ್ನು ಬೇರೆಯಾಗಿ ಮಾಡಿ, ಕ್ರೇನಿನಿಂದ ಎತ್ತಿ ತಂದು ಬೆಸೆಯುತ್ತಾರೆ. ಮಲಗುವ ಕೋಣೆಗಳನ್ನು ಕಾರ್ಖಾನೆಯಲ್ಲೇ ಸಿದ್ಧಮಾಡಿ, ಗೂಡಿನಲ್ಲಿ ಪೆಟ್ಟಿಗೆ ಇಟ್ಟಂತೆ ಒಳಗೆ ತಳ್ಳುತ್ತಾರೆ. ತಳಭಾಗ ಕೂಡಿಸುವಾಗ ಅದರ ಅಡಿಯಲ್ಲಿ ನಾಣ್ಯ ಇಡುವ ಪದ್ಧತಿಯೂ ಅವರಲ್ಲಿದೆ. ಮನೆಯ ಬುನಾದಿಗೆ ನಾಣ್ಯ ಹಾಕುವ ನಮಗೆ ಇದು ಹೊಸತೆನಿಸದು.

ಒಳಗೆ ಏಳು ಈಜುಕೊಳಗಳು, ಆರು ನೀರಿನ ಜಾರುಬಂಡೆಗಳು, ಸಾವಿರಾರು ಗಿಡಗಳ ತೋಟ. ಕುಡಿಯುವ ಮತ್ತು ಬಳಸುವ ನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಪಡೆಯುತ್ತಾರೆ. ಹೆಚ್ಚೆಂದರೆ 7,600 ಪ್ರಯಾಣಿಕರು. ಅವರ ಸೇವೆಗೆ ಸುಮಾರು 2,350 ಜನ ಸಿಬ್ಬಂದಿ. ಮನುಷ್ಯನ ಬುದ್ಧಿಗೆ ಕೈಮುಗಿಯಲೇಬೇಕು.

ಇದು ಜಮೆಯ ಬದಿ. ಲೆಕ್ಕ ಬರೆಯುವುದೇ ನಮ್ಮ ಕೆಲಸವಾದ್ದರಿಂದ ಖರ್ಚಿನ ಬದಿಯನ್ನೂ ನೋಡದೆ ಪುಸ್ತಕ ಮುಚ್ಚಲಾರೆವು.

ಕಂಪನಿಯ ಮುಖ್ಯ ಕಚೇರಿ ಮಯಾಮಿಯಲ್ಲಿ, ಕಂಪನಿಯ ನೋಂದಣಿ ಲೈಬೀರಿಯಾದಲ್ಲಿ, ಹಡಗಿನ ಬಾವುಟ ಬಹಾಮಾಸ್ ದೇಶದ್ದು. ಎಲ್ಲವೂ ಕಾಯ್ದೆಗೆ ಸರಿ. ಆದರೆ ಹಡಗಿನ ಮೇಲೆ ನಡೆಯುವುದು ಬಾವುಟದ ದೇಶದ ಕಾಯ್ದೆ. ತೆರಿಗೆಯೂ ಕೂಲಿಯ ನಿಯಮವೂ ಸಡಿಲವಾಗಿರುವ ದೇಶದ ಬಾವುಟ ಹಾರಿಸುವುದು ಈ ವ್ಯಾಪಾರದ ಹಳೆಯ ರೂಢಿ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯಲ್ಲಿ ದೇಶಗಳು ಆಯ್ದುಕೊಳ್ಳಬಹುದಾದ ಒಂದು ಅಳತೆಯಂತೆ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಟ್ಟರೆ ಸಾಕು. ವಾರದ 168 ಗಂಟೆಗಳಲ್ಲಿ 77 ಕಳೆಯಿರಿ. 91 ಗಂಟೆ ದುಡಿಸಿದರೂ ನಿಯಮ ಮೀರಿದಂತಾಗುವುದಿಲ್ಲ.

ಇಂಧನದ ಮಾತೂ ಹೀಗೆಯೇ. ಈ ಹಡಗು ದ್ರವರೂಪದ ನೈಸರ್ಗಿಕ ಅನಿಲದಿಂದ ಓಡುತ್ತದೆ. ಹೊಗೆ, ಗಂಧಕ ಕಡಿಮೆ ಎಂಬುದು ನಿಜ. ಆದರೆ ಎಂಜಿನ್ನಿನಲ್ಲಿ ಉರಿಯದೆ ಉಳಿದ ಮೀಥೇನ್ ಸ್ವಲ್ಪ ಗಾಳಿಗೆ ಸೇರುತ್ತದೆ. ಇಪ್ಪತ್ತು ವರ್ಷದ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಆ ಬಾಕಿಯನ್ನು ತೀರಿಸುವವರಲ್ಲಿ ಮಳೆ ನಂಬಿ ಬಿತ್ತುವ, ಸಮುದ್ರವನ್ನೇ ಕಾಣದ ರೈತನೂ ಇದ್ದಾನೆ.

‘ಶ್ರೀಮಂತರು ಖರ್ಚು ಮಾಡಿದರೆ ತಾನೇ ಬಡವರಿಗೆ ಕೆಲಸ?’ ಎಂದು ನಮ್ಮ ವ್ಯಾಪಾರಸ್ಥ ಬಂಧುಗಳು ಕೇಳಬಹುದು. ಮಾತು ಸುಳ್ಳಲ್ಲ. ಗೋವಾ ಸೀಮೆಯಲ್ಲಿ ಹಡಗಿನ ಸಂಬಳದಿಂದ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಎಷ್ಟೋ ಜನ. ಆ ಕೆಲಸವನ್ನು ಹಳಿಯಲು ನಮಗೆ ಅಧಿಕಾರವಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ವಿಹಾರದ ಹಡಗುಗಳು ನಿಂತಾಗ ಏನಾಯಿತು? ಪ್ರಯಾಣಿಕರನ್ನು ಮೊದಲು ಮನೆಗೆ ಕಳಿಸಿದರು. ಸಾವಿರಾರು ಸಿಬ್ಬಂದಿ ತಿಂಗಳುಗಟ್ಟಲೆ ಹಡಗಿನಲ್ಲೇ ಉಳಿದರು. ಕರಾರು ಮುಗಿದ ಅನೇಕರಿಗೆ ಸಂಬಳವೂ ನಿಂತಿತ್ತು. ಕೆಲಸ ಕೊಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲವೆಂಬುದು ಆಗ ಕಂಡಿತು.

ಹಾಗಾದರೆ ಸಂತೋಷಪಡುವುದೇ ತಪ್ಪೇ? ಅಲ್ಲ. ವರ್ಷವೆಲ್ಲ ದುಡಿದವನು ನಾಲ್ಕು ದಿನ ಹೆಂಡತಿ ಮಕ್ಕಳೊಡನೆ ನೀರಿನ ಮೇಲೆ ನಲಿದರೆ ದೋಷವೇನು? ನಮ್ಮ ಸಂತೋಷಕ್ಕಾಗಿ ಬೆವರು ಸುರಿಸುವವರು ಕಣ್ಣಿಗೆ ಬೀಳದಂತೆ ಕೆಳಗಿನ ಅಂತಸ್ತಿಗೆ ಸರಿಸಿ, ‘ಟಿಕೆಟಿನ ಹಣ ಕೊಟ್ಟಾಗಿದೆ’ ಎಂದು ಕೈತೊಳೆದುಕೊಳ್ಳುವುದು ದೋಷ.

ದೂರದ ಹಡಗನ್ನು ದೂರಿ ಸುಮ್ಮನಾಗುವಂತಿಲ್ಲ, ಏಕೆಂದರೆ ನಾವೂ ತಪ್ಪಿದ್ದೇವೆ. ಒಮ್ಮೆ ದೊಡ್ಡ ಸಮಾರಂಭವೊಂದರ ಜಮಾ-ಖರ್ಚನ್ನು ಪೈಸೆ ಪೈಸೆಗೆ ತಾಳೆ ಮಾಡಿ ಹಿಗ್ಗಿದೆವು. ಆಮೇಲೆ ತಿಳಿಯಿತು, ಬೆಳಗಿನಿಂದ ಬಡಿಸಿದ ಹುಡುಗರು ಊಟಕ್ಕೆ ಕೂತದ್ದು ಸಂಜೆ ಐದಕ್ಕೆ. ಆ ಹೊತ್ತಿಗೆ ಉಳಿದದ್ದು ಬರೀ ಅನ್ನ, ಸಾರು. ಅವರ ಹಸಿವು ನಮ್ಮ ಕೀರ್ದಿ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಪುಸ್ತಕ ತಾಳೆಯಾಗಿತ್ತು, ಲೆಕ್ಕ ತಪ್ಪಾಗಿತ್ತು.

ಮದುವೆ ಮಾಡುವಾಗ, ಅಂಗಡಿ ದೊಡ್ಡದು ಮಾಡುವಾಗ, ಹೊಲಕ್ಕೆ ಆಳು ಕರೆಯುವಾಗ ನಾವೂ ಸಣ್ಣದೊಂದು ಹಡಗನ್ನು ತೇಲಿಬಿಡುತ್ತೇವೆ. ಅದು ಎಷ್ಟು ದೊಡ್ಡದೆಂದು ಹೇಳಿಕೊಳ್ಳುವ ಮೊದಲು, ಅದರ ಕೆಳಗಿನ ಅಂತಸ್ತಿನಲ್ಲಿ ಯಾರಿದ್ದಾರೆ, ಅವರು ಉಂಡರೇ ಎಂದು ಒಮ್ಮೆ ಇಳಿದು ನೋಡಿ ಬರೋಣ.